ಯಂಚವ್ವನ ಕಣ್ಣು, ಗೋದಕ್ಕನ ಅಳತೆ

ಮುಂಡಗೋಡದ ಪೇಟೆಯಲ್ಲಿ ಗೋದಕ್ಕ ಎಂಬ ಹೆಂಗಸು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಸಿಂಪಿಗರ ಮನೆತನ, ಅಪ್ಪ, ಅಜ್ಜ ಎಲ್ಲರೂ ಕತ್ತರಿ ಹಿಡಿದೇ ಬಾಳಿದವರು. ರವಿಕೆ ಹೊಲಿಯುವುದರಲ್ಲಿ ಸುತ್ತಲ ಹತ್ತೂರಿನಲ್ಲಿ ಅವಳ ಕೈಗೆ ಸಾಟಿ ಇರಲಿಲ್ಲ.

ಅವಳದೊಂದು ಕಟ್ಟಳೆ ಇತ್ತು. ಹೊಸ ರವಿಕೆ ಹೊಲಿಸುವವರು ಬಟ್ಟೆಯ ಜೊತೆಗೆ, ತಮಗೆ ಸರಿಯಾಗಿ ಕೂರುವ ಹಳೆಯದೊಂದು ರವಿಕೆಯನ್ನು ಅಳತೆಗೆ ತಂದುಕೊಡಬೇಕು. ಅದೇ ಅಳತೆ ರವಿಕೆ. ಅಕ್ಕನದೋ ವಾರಗಿತ್ತಿಯದೋ ರವಿಕೆ ತಂದು ಇದರ ಹಾಗೇ ಹೊಲಿಯಿರಿ ಎಂದವರನ್ನು ಗೋದಕ್ಕ ಮೆಟ್ಟಿಲು ಹತ್ತಿಸುತ್ತಿರಲಿಲ್ಲ.

"ಇದು ಯಾರ ರವಕಿ? ಚಂದ ಐತಿ, ಖರೆ. ಆದ್ರ ಅದರೊಳಗಿನ ಮೈ ನಿಂದಲ್ಲಲ್ಲವಾ" ಎಂದು ಹೇಳಿ, ನಗುನಗುತ್ತಲೇ ವಾಪಸು ಕಳಿಸುತ್ತಿದ್ದಳು.

ಅವಳ ಕೈಕೆಳಗೆ ಕೆಲಸ ಕಲಿತವಳು ಯಾಂಗ್‌ಚೆನ್, ಊರ ಹೊರಗಿನ ಟಿಬೆಟನ್ ಕ್ಯಾಂಪಿನ ಹುಡುಗಿ. ಹದಿನಾರಕ್ಕೆ ಬಂದವಳಿಗೆ ಈಗ ಇಪ್ಪತ್ತೆರಡು. ಆ ಹೆಸರನ್ನು ಹೇಳಲು ಹೋಗಿ ಗೋದಕ್ಕನ ನಾಲಿಗೆ ಮೊದಲ ದಿನವೇ ಸೋತಿತ್ತು. ಎರಡನೆಯ ದಿನ ಅವಳು ಯಂಚವ್ವ ಎಂದು ಕರೆದಳು. ಹುಡುಗಿ ಓ ಎಂದಳು. ಆರು ವರ್ಷವಾದರೂ ಅದೇ ಹೆಸರು ನಡೆದುಬಂದಿತ್ತು. ಗೋದಕ್ಕನಿಗೆ ಮಕ್ಕಳಿರಲಿಲ್ಲ. ಇವಳು ಮಗಳೇ ಎಂದು ಅವಳು ಯಾರ ಮುಂದೆಯೂ ಹೇಳಿದವಳಲ್ಲ. ಆದರೆ ಬುತ್ತಿಯಲ್ಲಿ ಒಂದು ರೊಟ್ಟಿ ಯಾವಾಗಲೂ ಹೆಚ್ಚಿಗೆ ಇರುತ್ತಿತ್ತು.

ಯಂಚವ್ವನ ಕಣ್ಣುಗಳು ಅವಳ ಅವ್ವನ, ಅಜ್ಜಿಯ ಕಣ್ಣುಗಳ ಹಾಗೆಯೇ ಇದ್ದವು. ಮೇಲಿನ ರೆಪ್ಪೆಯಲ್ಲಿ ಮಡಿಕೆ ಇಲ್ಲ. ಹುಬ್ಬಿನಿಂದ ರೆಪ್ಪೆಗೂದಲಿನವರೆಗೆ ಇಸ್ತ್ರಿ ಮಾಡಿದ ಹಾಗೆ ಒಂದೇ ಸಮ. ಆ ಕಣ್ಣುಗಳಿಂದಲೇ ಅವಳು ಕಾಣಲಾರದಷ್ಟು ಸಣ್ಣ ಹೊಲಿಗೆ ಹಾಕುತ್ತಿದ್ದಳು. ಆದರೆ ಆಡುವವರ ಬಾಯಿಗೆ ಅಗಳಿ ಹಾಕಲಾದೀತೇ? ಅಂಗಡಿಗೆ ಬಂದ ಹೆಂಗಸರು ನಿದ್ದೆಗಣ್ಣಿ ಎನ್ನುತ್ತಿದ್ದರು, ಹುಡುಗಿ ಎಚ್ಚರ ಇದ್ದಾಳೋ ಇಲ್ಲವೋ ಎಂದು ಕೇಳುತ್ತಿದ್ದರು. ಯಂಚವ್ವ ನಕ್ಕು ಗುಂಡಿ ಹಚ್ಚುತ್ತಿದ್ದಳು. ಗೋದಕ್ಕನೂ ಅವರ ಜೊತೆ ನಗುತ್ತಿದ್ದಳು. ನಗುವಂಥದ್ದು ಅದರಲ್ಲಿ ಏನಿತ್ತೆಂದು ಅವಳು ಯೋಚಿಸಿರಲಿಲ್ಲ.

ಹೀಗಿರಲು ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯವರು ಯಂಚವ್ವನ ಕಸೂತಿ ರವಿಕೆಯನ್ನು ಮೆಚ್ಚಿದರು. ಹೊಲಿದವಳೇ ಅದನ್ನು ತೊಟ್ಟು ನಿಲ್ಲಲಿ, ಫೋಟೋ ತೆಗೆಯುತ್ತೇವೆ, ಅಂಗಡಿಯ ಮುಂದೆ ದೊಡ್ಡದಾಗಿ ಹಾಕುತ್ತೇವೆ ಎಂದರು. ಯಂಚವ್ವ ಹೋದಳು, ನಿಂತಳು, ಬಂದಳು. ಹದಿನೈದು ದಿನ ಕಳೆದ ಮೇಲೆ ಇಬ್ಬರೂ ಬಸ್ಸು ಹತ್ತಿ ಫೋಟೋ ನೋಡಲು ಹೋದರು.

ಅಂಗಡಿಯ ಮುಂದೆ ಆಳೆತ್ತರದ ಫೋಟೋ ಇತ್ತು. ರವಿಕೆ ಇತ್ತು, ಕಸೂತಿಯ ತೇರು, ಗೋಪುರ ಎಲ್ಲ ಇದ್ದವು, ತೋಳಿತ್ತು, ಬಳೆಯಿತ್ತು. ಕುತ್ತಿಗೆಯಿಂದ ಮೇಲೆ ಏನೂ ಇರಲಿಲ್ಲ.

ಅಂಗಡಿಯ ಮನುಷ್ಯನೇನೂ ಕೆಟ್ಟವನಲ್ಲ. ಚಹಾ ತರಿಸಿದ. ಫೋಟೋದಲ್ಲಿ ಕಣ್ಣು ಮುಚ್ಚಿದ ಹಾಗೆ ಬಂದಿತ್ತು, ಅದಕ್ಕೆ ಕತ್ತರಿಸಿದೆವು, ಬೇಕಾದರೆ ಪೂರ್ತಿ ಫೋಟೋದ ಒಂದು ಪ್ರತಿ ಒಯ್ಯಿರಿ ಎಂದು ಒಂದು ಲಕೋಟೆ ಕೊಟ್ಟ. ಯಂಚವ್ವ ಅದನ್ನು ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಬರುವಾಗ ತೆರೆದೂ ನೋಡಲಿಲ್ಲ.

ಮರುವಾರದಿಂದ ಅವಳ ಕಣ್ಣು ಬೇರೆಯಾದವು. ಗೆಳತಿಯೊಬ್ಬಳು ಪಟ್ಟಣದಿಂದ ತಂದುಕೊಟ್ಟ ಅಂಟುಪಟ್ಟಿ. ಕೂದಲೆಳೆಗಿಂತ ಚೂರು ದಪ್ಪ. ಅದನ್ನು ರೆಪ್ಪೆಗೆ ಅಂಟಿಸಿದರೆ ಮೇಲೊಂದು ಮಡಿಕೆ ಬೀಳುತ್ತದೆ, ಕಣ್ಣು ಅಗಲವಾಗಿ ಕಾಣುತ್ತದೆ. ಬೆಳಿಗ್ಗೆ ಅಂಟಿಸುವುದು, ಸಂಜೆ ಕೀಳುವುದು. ಸಂಜೆಯ ಹೊತ್ತಿಗೆ ರೆಪ್ಪೆಯ ಚರ್ಮ ಕೆಂಪಾಗಿ ಉರಿಯುತ್ತಿತ್ತು. ಒಂದು ದಿನ ಅವಳು ಗೋದಕ್ಕನಿಗೆ ವಿಷಯ ಹೇಳಿದಳು. ಮಡಿಕೆಯನ್ನು ಶಾಶ್ವತವಾಗಿ ಮಾಡಿಸಿಕೊಳ್ಳಬಹುದಂತೆ. ಪಟ್ಟಣದ ಬ್ಯೂಟಿಪಾರ್ಲರಿನಲ್ಲಿ ಒಂದು ತಾಸಿನಲ್ಲಿ ದಾರ ಹಾಕಿ ಹೊಲಿದು ಕಳಿಸುತ್ತಾರಂತೆ. ಮುಂದಿನ ವಾರಕ್ಕೆ ಹೆಸರು ಬರೆಸಿದ್ದಾಳೆ.

ಗೋದಕ್ಕ ಕತ್ತರಿ ಕೆಳಗಿಟ್ಟಳು. ಹೆದರಿದ ಹಿರಿಯರು ಮಾಡುವುದನ್ನೇ ಅವಳೂ ಮಾಡಿದಳು, ಬೈದಳು. ಬುದ್ಧಿ ನೆಟ್ಟಗಿದೆಯೇ ಎಂದಳು. ಕಣ್ಣೇನು ರವಿಕೆಯೇ, ಕೆಟ್ಟರೆ ಬಿಚ್ಚಿ ಹೊಲಿಯಲು ಎಂದಳು. ಕೊನೆಗೆ, "ದೇವರು ಕೊಟ್ಟದ್ದಕ್ಕ ಕತ್ತರಿ ಹಚ್ಚಬಾರದವಾ" ಎಂದಳು.

ಯಂಚವ್ವ ತಲೆ ಎತ್ತಲಿಲ್ಲ. "ನಿಮ್ಮನ್ನ ಯಾರೂ ಕುತ್ತಿಗಿ ಮ್ಯಾಲೆ ಕತ್ತರಿಸಿಲ್ಲಲ್ರೀ ಅಕ್ಕಾ" ಎಂದಳು.

ಅಷ್ಟೇ. ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟು ಎದ್ದು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನ ಬೆಳಿಗ್ಗೆಯೂ ಬರಲಿಲ್ಲ.

ಈಗ ಗೋದಕ್ಕನ ಒಂದು ಗುಟ್ಟು ಹೇಳಬೇಕು. ಎರಡು ವರ್ಷದಿಂದ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಮೇಲಿನ ರೆಪ್ಪೆಗಳು ಸೋತ ಪರದೆಯ ಹಾಗೆ ಇಳಿಬಿದ್ದಿದ್ದವು. ಏನಾದರೂ ನೋಡಬೇಕೆಂದರೆ ಗದ್ದ ಮೇಲೆತ್ತಿ, ಹುಬ್ಬು ಏರಿಸಿ ನೋಡುವಳು. ಊರವರು ಗೋದಕ್ಕನಿಗೆ ಈಚೆಗೆ ಸೊಕ್ಕು ಬಂದಿದೆ ಎಂದರು. ಅನ್ನಲಿ ಬಿಡು ಎಂದು ಅವಳೂ ಸುಮ್ಮನಿದ್ದಳು. ಕಣ್ಣು ಹೋಗುತ್ತಿದೆ ಎಂದು ತಿಳಿದರೆ ರೇಷ್ಮೆ ಬಟ್ಟೆಯನ್ನು ಅವಳ ಕೈಗೆ ಯಾರು ಕೊಟ್ಟಾರು? ವಯಸ್ಸಾಯಿತು, ಇನ್ನು ಇಷ್ಟೇ ಎಂದು ತನಗೆ ತಾನೇ ಹೇಳಿಕೊಂಡು ಡಾಕ್ಟರ ಬಳಿಗೂ ಹೋಗಿರಲಿಲ್ಲ. ಹಾಗಿದ್ದರೂ ಕೆಲಸ ತಪ್ಪುತ್ತಿರಲಿಲ್ಲ. ತನ್ನ ಬೆರಳುಗಳೇ ಜಾಣವಾಗಿವೆ, ಯಾರ ಬಟ್ಟೆ ಯಾರದೆಂದು ಮುಟ್ಟಿಯೇ ತಿಳಿಯುತ್ತದೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ ಇತ್ತು.

ಯಂಚವ್ವ ಬಾರದ ಎರಡನೆಯ ದಿನ ಆ ಹೆಮ್ಮೆ ಮುರಿಯಿತು. ಮದುವೆಯ ಮನೆಯೊಂದರಿಂದ ಹಿಂದಿನ ದಿನವಷ್ಟೇ ತಾಯಿಯ ಮತ್ತು ಮಗಳ ಬಟ್ಟೆ ಒಟ್ಟಿಗೆ ಬಂದಿದ್ದವು. ಗೋದಕ್ಕ ತಾಯಿಯ ರೇಷ್ಮೆಯನ್ನು ಹಾಸಿ, ಮೇಲೆ ಮಗಳ ಅಳತೆ ರವಿಕೆ ಇಟ್ಟು ಕತ್ತರಿಸಿಬಿಟ್ಟಳು. ತಿಳಿಯುವ ಹೊತ್ತಿಗೆ ಬಟ್ಟೆ ಎರಡು ತುಂಡಾಗಿತ್ತು. ನಲವತ್ತು ವರ್ಷದಲ್ಲಿ ಆಗದ ತಪ್ಪು. ಅವಳು ಅಂಗಡಿಯ ಬಾಗಿಲನ್ನು ಅರ್ಧ ಮುಂದೆ ಮಾಡಿ ಸುಮ್ಮನೆ ಕೂತಳು.

ಕೂತಲ್ಲಿ ಕೈಗೆ ಸಿಕ್ಕಿದ್ದು ಯಂಚವ್ವ ಬಿಟ್ಟುಹೋದ ಅಂಟುಪಟ್ಟಿಯ ಡಬ್ಬಿ. ಇದರಲ್ಲಿ ಅಂಥದ್ದೇನಿದೆ ನೋಡಿಯೇ ಬಿಡೋಣ ಎಂದು ಅವಳು ಒಂದು ಪಟ್ಟಿ ತೆಗೆದು ತನ್ನ ಬಲಗಣ್ಣಿನ ರೆಪ್ಪೆಗೆ ಅಂಟಿಸಿಕೊಂಡಳು. ಸಾಲದೆನಿಸಿ ಮೇಲೆ ಇನ್ನೊಂದು ಅಂಟಿಸಿದಳು. ಕನ್ನಡಿಯಲ್ಲಿ ಒಂದು ಕಣ್ಣು ಗೂಬೆಯದು, ಒಂದು ಕಣ್ಣು ಗೋದಕ್ಕನದು. ನಗು ಬಂತು. ಆದರೆ ಕನ್ನಡಿಯಿಂದ ತಲೆ ತಿರುಗಿಸಿದವಳ ನಗು ನಿಂತುಹೋಯಿತು. ಎದುರು ಗೋಡೆಯ ಕ್ಯಾಲೆಂಡರಿನ ಅಂಕಿ ಕಾಣುತ್ತಿತ್ತು. ಮೇಲಿನ ಹಲಗೆಯ ದಾರದ ಉಂಡೆಗಳ ಬಣ್ಣ ಕಾಣುತ್ತಿತ್ತು. ಗದ್ದ ಎತ್ತದೆ, ಹುಬ್ಬು ಏರಿಸದೆ ಅವಳು ತನ್ನ ಅಂಗಡಿಯನ್ನು ನೋಡಿ ಎರಡು ವರ್ಷವಾಗಿತ್ತು.

ಬಾಗಿಲಲ್ಲಿ ಯಂಚವ್ವ ನಿಂತಿದ್ದಳು. ಗೋದಕ್ಕನ ಗೂಬೆಗಣ್ಣು ನೋಡಿದಳು, ಕತ್ತರಿಸಿದ ರೇಷ್ಮೆ ನೋಡಿದಳು. ಚೀಲ ಕೆಳಗಿಟ್ಟು, ಉಳಿದ ತುಂಡುಗಳನ್ನು ಬಗಲಿಗೆ ಜೋಡಿಸಿ, ಜೋಡಣೆಯ ಮೇಲೆ ಕಸೂತಿ ಎಳೆದು, ಸಂಜೆಯೊಳಗೆ ರವಿಕೆಯನ್ನು ತಾಯಿಯ ಮೈಗೆ ಸರಿಮಾಡಿದಳು. ಬಟ್ಟೆ ಒಯ್ಯಲು ಬಂದ ತಾಯಿ ಬಗಲ ಕಸೂತಿ ಬಹಳ ಚಂದ ಎಂದಳು.

ಆ ತಾಯಿ ಹೋದ ಮೇಲೆ ಗೋದಕ್ಕ ಯಂಚವ್ವನ ಮುಂದೆ ಮೊದಲು ತಪ್ಪೊಪ್ಪಿಕೊಂಡಳು. ಅಂದು ಬೈದದ್ದು ತಪ್ಪು, ಅದಕ್ಕೂ ಮೊದಲು ಆ ಹೆಂಗಸರ ಜೊತೆ ಆರು ವರ್ಷ ನಕ್ಕಿದ್ದು ಇನ್ನೂ ದೊಡ್ಡ ತಪ್ಪು ಎಂದಳು. ಆಮೇಲೆ ಒಂದೇ ಒಂದು ಬೇಡಿಕೆ ಇಟ್ಟಳು. ಪಾರ್ಲರಿಗೆ ಹೋಗುವುದು ಬೇಡ. ಹುಬ್ಬಳ್ಳಿಯಲ್ಲಿ ರೆಪ್ಪೆಯ ಆಪರೇಷನ್ ಕಲಿತ ಕಣ್ಣಿನ ಡಾಕ್ಟರು ಇದ್ದಾರಂತೆ. ಅವರು ಹೇಳುವುದನ್ನೆಲ್ಲ ಕೇಳಿ, ಆಮೇಲೂ ಬೇಕೆನಿಸಿದರೆ ಮಾಡಿಸಿಕೊ. ನಾನೇ ಜೊತೆಗೆ ಬಂದು ಕೂರುತ್ತೇನೆ ಎಂದಳು. ಯಂಚವ್ವ ಒಪ್ಪಿದಳು.

ಡಾಕ್ಟರು ನಡುವಯಸ್ಸಿನ ಹೆಂಗಸು, ಅವಸರವಿಲ್ಲದವರು. ಯಂಚವ್ವನ ಕಣ್ಣನ್ನು ದೀಪ ಹಿಡಿದು ನೋಡಿದರು. ಹೇಗೆ ಬೇಕು ಎಂದು ಕೇಳಿದರು. ಯಂಚವ್ವ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಜಾಹೀರಾತಿನ ಹುಡುಗಿ, ದೊಡ್ಡ ಕಣ್ಣು, ಅಗಲ ಮಡಿಕೆ.

"ಇದು ಯಾರ ಕಣ್ಣು?" ಎಂದರು ಡಾಕ್ಟರು.

ಗೋದಕ್ಕ ಬೆಚ್ಚಿದಳು. ನಲವತ್ತು ವರ್ಷದಿಂದ ತಾನು ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ ಪ್ರಶ್ನೆಯೇ ಇದು. ಯಂಚವ್ವನಿಗೂ ಹಾಗೇ ಅನಿಸಿರಬೇಕು. ಅವಳು ಓರೆಯಾಗಿ ಗೋದಕ್ಕನ ಕಡೆ ನೋಡಿ, ಮೊಬೈಲನ್ನು ಮೆಲ್ಲಗೆ ಮಗುಚಿಟ್ಟಳು.

ಡಾಕ್ಟರು ಬೈಯಲಿಲ್ಲ, ಹೆದರಿಸಲೂ ಇಲ್ಲ. ಬಿಡಿಸಿ ಹೇಳಿದರು. ಚಂದಕ್ಕೆಂದು ಮಾಡಿಸಿಕೊಳ್ಳುವುದು ತಪ್ಪಲ್ಲ, ಬಹಳ ಜನ ಮಾಡಿಸಿಕೊಂಡು ಸುಖವಾಗಿದ್ದಾರೆ. ದಾರ ಹಾಕಿ ಮಡಿಕೆ ಮಾಡುವುದು ಒಂದು ರೀತಿ. ಅದು ಕೆಲವರಿಗೆ ದಿನ ಕಳೆದಂತೆ ಸಡಿಲವಾಗುತ್ತದೆ. ಕೊಯ್ದು ಮಾಡುವುದು ಇನ್ನೊಂದು ರೀತಿ. ಅದು ನಿಲ್ಲುತ್ತದೆ, ಆದರೆ ಸಣ್ಣದೊಂದು ಗುರುತು ಉಳಿಯುತ್ತದೆ. ಬಾವು ಇಳಿಯಲು ವಾರಗಳು ಬೇಕು, ನಿಜವಾದ ಆಕಾರ ಕೂರಲು ತಿಂಗಳುಗಳು ಬೇಕು. ಎರಡು ಕಣ್ಣು ಒಂದೇ ಸಮ ಬರುತ್ತವೆ ಎಂದು ಯಾವ ಡಾಕ್ಟರೂ ಬರೆದುಕೊಡಲಾರರು. ಚರ್ಮ ಅಗತ್ಯಕ್ಕಿಂತ ಹೆಚ್ಚು ತೆಗೆದರೆ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಒಣಗಿ ಉರಿಯುತ್ತದೆ. ಕೆಟ್ಟದ್ದನ್ನು ಸರಿಮಾಡುವುದು ಮೊದಲ ಸಲ ಮಾಡುವುದಕ್ಕಿಂತ ಕಷ್ಟ. ಇನ್ನು ಪಾರ್ಲರಿನಲ್ಲಂತೂ ಕಣ್ಣಿಗೆ ಸೂಜಿ ಹಾಕಿಸಿಕೊಳ್ಳಲೇಬಾರದು.

ಬಳಿಕ ಅವರು ಕೇಳಿದರು, ನಿನ್ನ ಕಣ್ಣಿನಿಂದ ನಿನಗೆ ನೋಡಲು ಏನಾದರೂ ತೊಂದರೆ ಇದೆಯೇ ಎಂದು. ಇಲ್ಲ ಎಂದಳು ಯಂಚವ್ವ. ಹಾಗಾದರೆ ತೊಂದರೆ ಯಾರಿಗಿದೆ ಎಂದರು. ಅವಳು "ನೋಡೋವ್ರಿಗೆ" ಎಂದಳು. ಹೇಳುತ್ತಾ ಹೇಳುತ್ತಾ ಅಳು ಬಂತು.

ಡಾಕ್ಟರು ಕಾಗದದ ಕರವಸ್ತ್ರ ಕೊಟ್ಟರು. "ಆರು ತಿಂಗಳು ಬಿಟ್ಟು ಬಾ ತಂಗಿ. ಅಂಟುಪಟ್ಟಿ ಹಚ್ಚಬ್ಯಾಡ, ಈ ಚಿತ್ರನೂ ತರಬ್ಯಾಡ. ಕನ್ನಡ್ಯಾಗ ನಿನ್ನ ಮಾರಿ ನೀನ ನೋಡ್ಕೊಂಡು ಬಾ. ಆಗನೂ ಬೇಕು ಅಂದ್ರ ನಾನ ಮಾಡಿಕೊಡ್ತೀನಿ" ಎಂದರು.

ಇಲ್ಲಿಗೆ ಮುಗಿಯಿತು ಎಂದು ಗೋದಕ್ಕ ಏಳುತ್ತಿದ್ದಳು. ಡಾಕ್ಟರು ಅವಳ ಕಡೆಗೆ ತಿರುಗಿದರು. "ನೀವು ಬಂದಾಗಿಂದ ಗದ್ದ ಎತ್ತಿ ಯಾಕ ನೋಡಾಕತ್ತೀರಿ?" ಎಂದರು. ಕೂರಿಸಿದರು, ರೆಪ್ಪೆಯನ್ನು ಅಳೆಯುವ ಪಟ್ಟಿ ಹಿಡಿದರು, ಕಣ್ಣಿನ ಒಳಗೆಲ್ಲ ನೋಡಿದರು. ರೆಪ್ಪೆ ಎತ್ತುವ ಸ್ನಾಯು ಸಡಿಲವಾಗಿ ಪಾಪೆಯ ಮೇಲೇ ಇಳಿದಿದೆ, ಕಣ್ಣು ಒಳಗೆ ಚೆನ್ನಾಗಿದೆ, ರೆಪ್ಪೆ ಎತ್ತಿ ಹೊಲಿದರೆ ಮೊದಲಿನ ಹಾಗೆ ಕಾಣುತ್ತದೆ, ಬಿಟ್ಟರೆ ಇನ್ನೂ ಇಳಿಯುತ್ತದೆ ಎಂದರು.

ಅಂದರೆ ಹುಡುಗಿಗೆ ಬೇಡವೆಂದಿದ್ದ ಕತ್ತರಿ, ಅದೇ ಜಾಗಕ್ಕೆ ಈಗ ಗೋದಕ್ಕನಿಗೇ ಬೇಕಾಗಿತ್ತು. ಬೇಡವೇ ಬೇಡ ಎಂದಳು. ಈ ವಯಸ್ಸಿಗೆ ಇಷ್ಟು ಕಂಡರೆ ಸಾಕು ಎಂದಳು. ದೇವರು ಕೊಟ್ಟದ್ದಕ್ಕೆ ಕತ್ತರಿ ಹಚ್ಚಬಾರದು ಎಂದು ಹೇಳಹೊರಟು, ಅರ್ಧಕ್ಕೆ ನಿಲ್ಲಿಸಿದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಹಾಗೆ ಆಡುವುದು ಸುಲಭ. ಆಡಿದ ಮಾತು ತಿರುಗಿ ನಮ್ಮ ಬಾಗಿಲಿಗೇ ಬಂದಾಗ ಅದರ ತೂಕ ತಿಳಿಯುತ್ತದೆ.

ಯಂಚವ್ವ ಅವಳ ಪಕ್ಕಕ್ಕೆ ಬಂದು ಕೂತಳು. "ಅಕ್ಕಾ, ಅಳತಿ ರವಕಿ ಒಳಗ ದಾರದ ಗಂಟು ಇರ್ತಾವಲ್ಲ, ಅವು ಯಾಕ ಅಂತ ಗೊತ್ತೇನ್ರೀ?" ಎಂದಳು.

ಗೋದಕ್ಕನಿಗೆ ಗೊತ್ತಿರಲಿಲ್ಲ. ಗಂಟುಗಳು ಬೆರಳಿಗೆ ಸಿಗುತ್ತಿದ್ದದ್ದು ನಿಜ. ಹುಡುಗಿಯ ಏನೋ ಹವ್ಯಾಸ ಎಂದುಕೊಂಡಿದ್ದಳು.

ಯಂಚವ್ವ ಹೇಳಿದಳು. ಎರಡು ವರ್ಷದಿಂದ ಅವಳು, ಅಂಗಡಿಗೆ ಬಂದ ಬಟ್ಟೆಗೆಲ್ಲ ಒಳಅಂಚಿನಲ್ಲಿ ಗಂಟು ಹಾಕುತ್ತಿದ್ದಳು. ಬಟ್ಟೆಗೆ ಎರಡು ಗಂಟಾದರೆ ಅದರ ಅಳತೆ ರವಿಕೆಗೂ ಎರಡು, ಮೂರಾದರೆ ಮೂರು. ಅಕ್ಕನ ಕೈ ಮುಟ್ಟಿಯೇ ಜೋಡಿ ಹಿಡಿಯಲಿ, ಅಕ್ಕನಿಗೆ ಕಾಣುವುದಿಲ್ಲವೆಂದು ಯಾರಿಗೂ ತಿಳಿಯದಿರಲಿ ಎಂದು. ಮದುವೆಮನೆಯ ಬಟ್ಟೆಗೆ ಗಂಟು ಇರಲಿಲ್ಲ, ಏಕೆಂದರೆ ಅದು ಬಂದ ದಿನ ಅವಳು ಅಂಗಡಿಯಲ್ಲಿ ಇರಲಿಲ್ಲ.

ಗೋದಕ್ಕನ ಜಾಣ ಬೆರಳುಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಊರೆಲ್ಲ ನಿದ್ದೆಗಣ್ಣಿ ಎಂದ ಹುಡುಗಿ, ಯಾರೂ ಕಾಣದ್ದನ್ನು ಎರಡು ವರ್ಷದ ಹಿಂದೆಯೇ ಕಂಡಿದ್ದಳು. ಕಂಡು, ಬಾಯಿಬಿಡದೆ, ಗಂಟು ಹಾಕುತ್ತಾ ಕೂತಿದ್ದಳು.

"ನನಗ ಇದು ಬೇಕು ಅಂದಿದ್ದು ಬ್ಯಾರೇದವ್ರು ಅಕ್ಕಾ. ನಿಮಗ ಬೇಕು ಅನ್ನೂದು ನಿಮ್ಮ ಕಣ್ಣ" ಎಂದಳು ಯಂಚವ್ವ. "ಮಾಡಿಸ್ಕೊಳ್ರಿ. ನಾ ಜೋಡಿ ಇರ್ತೀನಿ."

ಗೋದಕ್ಕ ಹೂಂ ಎಂದಳು. ಆಪರೇಷನ್ ಮುಕ್ಕಾಲು ತಾಸಿನದು. ರೆಪ್ಪೆಗಷ್ಟೇ ಮರಗಟ್ಟಿಸುವ ಸೂಜಿ ಕೊಟ್ಟರು. ಮರುದಿನ ಗೋದಕ್ಕನ ಮುಖ ಜೇನು ಕಚ್ಚಿದ ಹಾಗೆ ಊದಿತ್ತು. ಅವಳು ಹೆದರಿ ಕನ್ನಡಿಯನ್ನು ದಿಂಬಿನ ಕೆಳಗೆ ಬಚ್ಚಿಟ್ಟಳು. ಯಂಚವ್ವ ಹೊತ್ತುಹೊತ್ತಿಗೆ ತಣ್ಣೀರ ಬಟ್ಟೆ ಇಟ್ಟಳು, ಔಷಧಿಯ ಹನಿ ಹಾಕಿದಳು, ರೊಟ್ಟಿ ಮುರಿದು ಬಾಯಿಗಿಟ್ಟಳು. ಎಂಟನೆಯ ದಿನ ಹೊಲಿಗೆ ಬಿಚ್ಚಿದರು. ಬಾವು ಇಳಿಯುತ್ತಾ ಹೋಯಿತು. ಮೂರನೆಯ ವಾರದ ಒಂದು ಬೆಳಿಗ್ಗೆ ಗೋದಕ್ಕ ಕಣ್ಣು ಬಿಟ್ಟಾಗ, ಔಷಧಿಯ ಸೀಸೆ ಹಿಡಿದು ಬಗ್ಗಿದ್ದ ಯಂಚವ್ವನ ಮುಖ ಎದುರಿಗಿತ್ತು.

ಗೋದಕ್ಕ ನೋಡಿದಳು. ಹಣೆಯ ಸಣ್ಣ ಮಚ್ಚೆ ನೋಡಿದಳು. ನಕ್ಕರೆ ಎರಡು ಗೆರೆಯಾಗುವ ಆ ಕಣ್ಣುಗಳನ್ನು ನೋಡಿದಳು, ಅಂಟುಪಟ್ಟಿ ಕಿತ್ತಲ್ಲಿ ಚರ್ಮ ಮತ್ತೆ ಮೆತ್ತಗಾಗುತ್ತಿದ್ದದ್ದನ್ನೂ ನೋಡಿದಳು. ಚಂದ ಇದ್ದೀಯ ಎಂದು ಹೇಳಬೇಕೆಂದುಕೊಂಡಳು. ಆದರೆ ಚಹಾ ಕುಡಿದೆಯೇನೆ ಎಂದಷ್ಟೇ ಕೇಳಿದಳು.

ಅಂದಿನಿಂದ ಅಂಗಡಿಗೆ ಬಂದವರು ನಿದ್ದೆಗಣ್ಣಿ ಎಂದರೆ ಗೋದಕ್ಕ ನಗುತ್ತಿರಲಿಲ್ಲ. ಅವರ ಬಟ್ಟೆಯನ್ನು ಮಡಚಿ ಅವರ ಕೈಗೇ ಇಡುತ್ತಿದ್ದಳು. ಎರಡು ಸಲ ಹಾಗಾದ ಮೇಲೆ ಆ ಮಾತೇ ನಿಂತಿತು.

ಆರು ತಿಂಗಳು ಕಳೆದವು. ಗೋದಕ್ಕ ಕೊಟ್ಟ ಮಾತನ್ನು ಮರೆಯುವವಳಲ್ಲ. ಮನಸ್ಸಿಗೆ ಒಪ್ಪದಿದ್ದರೂ ಮುಂಜಾನೆಯೇ ಬುತ್ತಿ ಕಟ್ಟಿಕೊಂಡು, ಒಳ್ಳೆಯ ಸೀರೆ ಉಟ್ಟು ಅಂಗಡಿಗೆ ಬಂದಳು. ಒಂಬತ್ತರ ಬಸ್ಸಿಗೆ ಹೋದರೆ ಡಾಕ್ಟರು ಸಿಗುತ್ತಾರೆ, ಏಳು ಎನ್ನಬೇಕೆಂದಿದ್ದಳು.

ಯಂಚವ್ವ ಸ್ಟೂಲಿನ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಆ ಹುಬ್ಬಳ್ಳಿಯ ಲಕೋಟೆಯಲ್ಲಿದ್ದ ಪೂರ್ತಿ ಫೋಟೋ, ಈಗ ಕಟ್ಟು ಹಾಕಿಸಿಕೊಂಡು, ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಏರುತ್ತಿತ್ತು. ರವಿಕೆ, ಕಸೂತಿ, ತೋಳು, ಬಳೆ. ಕುತ್ತಿಗೆ, ಗದ್ದ, ನಗು. ನಗುವಿನಲ್ಲಿ ಗೆರೆಯಾದ ಎರಡು ಕಣ್ಣು.

"ಬಸ್ಸಿಗೆ ಹೊತ್ತಾತಲ್ಲವಾ" ಎಂದಳು ಗೋದಕ್ಕ, ಮೆಲ್ಲಗೆ.

ಯಂಚವ್ವ ಕೆಳಗಿಳಿದು, ದೂರ ನಿಂತು, ಹೊಲಿದು ಮುಗಿಸಿದ ರವಿಕೆಯನ್ನು ನೋಡುವ ಹಾಗೆ ಆ ಮುಖವನ್ನು ನೋಡಿದಳು. "ಆರು ತಿಂಗಳ ಕನ್ನಡ್ಯಾಗ ನೋಡೀನ್ರೀ ಅಕ್ಕಾ. ಎಲ್ಲೂ ಹಿಡಿಯೂದೂ ಇಲ್ಲ, ಬಿಡೂದೂ ಇಲ್ಲ. ಸರಿ ಕುಂತೈತಿ" ಎಂದಳು.

ಹೊಲಿಗೆಯವರ ಬಾಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಗೋದಕ್ಕ ಬುತ್ತಿಯನ್ನು ಹಲಗೆಯ ಮೇಲಿಟ್ಟು ತನ್ನ ಜಾಗದಲ್ಲಿ ಕೂತಳು. ಸೂಜಿ ತೆಗೆದುಕೊಂಡಳು. ಗದ್ದ ಎತ್ತದೆ, ಒಂದೇ ಸಲಕ್ಕೆ ದಾರ ಪೋಣಿಸಿ, ಅದನ್ನು ಯಂಚವ್ವನ ಕೈಗೆ ಕೊಟ್ಟಳು.

ನೀತಿ: ಕತ್ತರಿ ಹಿಡಿಯುವ ಮೊದಲು, ಅಳತೆ ಯಾರದ್ದು ಎಂದು ಕೇಳಿಕೊಳ್ಳಬೇಕು. ತಿಳಿದವರಲ್ಲಿ ವಿಚಾರಿಸಿ, ನಮ್ಮ ಅಗತ್ಯಕ್ಕೆ ಮಾಡಿಸಿಕೊಂಡದ್ದು ಮೈಗೆ ಹೊಂದುತ್ತದೆ. ನೋಡುವವರ ಬಾಯಿಗೆ ಹೆದರಿ ಕತ್ತರಿಸಿಕೊಂಡದ್ದು ಯಾರ ಮೈಗೂ ಹೊಂದುವುದಿಲ್ಲ.